ಹೊರಗೆ ಗುಂಡಿ, ಒಳಗೆ ಪ್ರೆಸ್ ಬಟನ್

ಹಬ್ಬ ಹತ್ತಿರ ಬಂತು ಅಂದರೆ ಫೋನಿಗೆ ಪುರುಸೊತ್ತು ಇರುವುದಿಲ್ಲ. ಬೆಳಗ್ಗೆ ಎದ್ದು ನೋಡಿದರೆ ನಲವತ್ತು ಮೆಸೇಜು. ಹೂವಿನ ಚಿತ್ರ, ಮಿಣುಕುವ ಅಕ್ಷರ, ಕೆಳಗೆ ಒಂದು ಸಾಲು: ಇರುವುದಕ್ಕೆಲ್ಲ ಕೃತಜ್ಞರಾಗಿರಿ, ಪ್ರೀತಿ ಹಂಚಿ. ಕಳಿಸಿದವರ ಮೇಲೆ ನನಗೇನೂ ಸಿಟ್ಟಿಲ್ಲ, ನಾನೂ ಎಷ್ಟೋ ಜನರಿಗೆ ಕಳಿಸಿದ್ದೇನೆ. ಆದರೆ ಮೂರು ವರ್ಷದ ಹಿಂದೆ ಅದೇ ಸಾಲನ್ನು ಆಸ್ಪತ್ರೆಯ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಓದಿದಾಗ ಫೋನನ್ನು ಗೋಡೆಗೆ ಎಸೆಯುವಷ್ಟು ರೇಗಿತ್ತು. ಎಸೆಯಲಿಲ್ಲ. ಅದರ ಕಂತು ಇನ್ನೂ ತೀರಿರಲಿಲ್ಲ.

ಅವತ್ತಿನಿಂದ ಈ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಕೃತಜ್ಞತೆ ಅಂತ ನಾವು ಯಾವುದನ್ನು ಕರೆಯುತ್ತೇವೆ? ಎಲ್ಲ ಚೆನ್ನಾಗಿರುವಾಗ ಹೊಟ್ಟೆ ತುಂಬಿದ ಹಾಗೆ ಅನ್ನಿಸುತ್ತದಲ್ಲ, ಅದನ್ನೋ? ಹಾಗಿದ್ದರೆ ಎಲ್ಲ ಕೆಟ್ಟಿರುವಾಗ, ಅದೂ ಊರೆಲ್ಲ ಸಂಭ್ರಮದಲ್ಲಿರುವಾಗ, ಅದನ್ನು ಎಲ್ಲಿಂದ ತರುವುದು? ತರಲಾಗದಿದ್ದರೆ ನಾವು ಕೆಟ್ಟವರಾ? ಇದಕ್ಕೆ ನನಗೊಂದು ಉತ್ತರದ ತುಂಡು ಸಿಕ್ಕಿದ್ದು ಇಸ್ತ್ರಿಪೆಟ್ಟಿಗೆಯ ಮುಂದೆ. ಅದೂ ಹಬ್ಬ ಮುಗಿದು ಏಳು ತಿಂಗಳಾದ ಮೇಲೆ. ಅಲ್ಲಿಗೆ ಬರುವ ಮೊದಲು ಆ ವಾರದ ಕಥೆ ಸ್ವಲ್ಪ ಹೇಳಬೇಕು.

ಆ ವಾರ

ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇತ್ತು. ಪೇಪರ್ ಓದುತ್ತಾ ಕೂತಿದ್ದ ಅಪ್ಪ ಕನ್ನಡಕ ತೆಗೆಯಲು ಹೋದರು. ಕೈ ಮೇಲೇಳಲಿಲ್ಲ. ಹಾಗೇ ಪಕ್ಕಕ್ಕೆ ವಾಲಿದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಲಕ್ವ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅಂತಾರೆ. ಆ ಲೆಕ್ಕ ನಮಗೆ ಗೊತ್ತಾಗಿದ್ದೂ ಅವತ್ತೇ. ಹೇಗೋ ಅಷ್ಟರೊಳಗೆ ಮುಟ್ಟಿದೆವು. ಜೀವ ಉಳಿಯಿತು. ಬಲಗೈ, ಬಲಗಾಲು ಮಲಗಿದವು. ಮಾತು ಹೋಯಿತು.

ಪೂರ್ತಿ ಹೋಯಿತು ಅಂತ ಹೇಳುವ ಹಾಗಿಲ್ಲ. ಒಂದೇ ಒಂದು ಪದ ಉಳಿದುಕೊಂಡಿತು. 'ಆಯ್ತು'. ಹಸಿವಾದರೆ ಆಯ್ತು. ನೋವಾದರೆ ಆಯ್ತು. ಫ್ಯಾನ್ ಹಾಕು ಅನ್ನಲಿಕ್ಕೂ ಆಯ್ತು, ಎದ್ದು ಆಚೆ ಹೋಗು ಅನ್ನಲಿಕ್ಕೂ ಆಯ್ತು. ಎಳೆದು ಹೇಳಿದರೆ ಒಂದು, ಮೊಟಕಾಗಿ ಹೇಳಿದರೆ ಇನ್ನೊಂದು. ನಾವು ರಾಗ ಕೇಳಿ ಅರ್ಥ ಹುಡುಕಬೇಕು. ಸ್ಪೀಚ್ ಥೆರಪಿಸ್ಟ್ ಬಂದಾಗ ಗಾಬರಿಯಿಂದ ಕೇಳಿದೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದವರಲ್ಲಿ ಇದೇನು ಹೊಸದಲ್ಲ ಅಂದರು. 1861ರಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಅನ್ನುವ ವೈದ್ಯರು ನೋಡಿದ ರೋಗಿಯೊಬ್ಬ ಏನು ಕೇಳಿದರೂ 'ಟಾನ್ ಟಾನ್' ಅನ್ನುತ್ತಿದ್ದನಂತೆ. ಅಲ್ಲಿನವರು ಅವನನ್ನು ಟಾನ್ ಅಂತಲೇ ಕರೆಯುತ್ತಿದ್ದರಂತೆ. ಅವನು ಸತ್ತ ಮೇಲೆ ಮೆದುಳನ್ನು ಬಿಚ್ಚಿ ನೋಡಿ, ಎಡಗಡೆ ಮುಂಭಾಗದ ಒಂದು ಜಾಗಕ್ಕೂ ಮಾತಿಗೂ ನಂಟಿದೆ ಅಂತ ಬ್ರೋಕಾ ಹೇಳಿದರು. ಆ ಜಾಗಕ್ಕೆ ಈಗಲೂ ಅವರದೇ ಹೆಸರು. ನನಗೆ ಇದರಲ್ಲಿ ಹಿಡಿಸಿದ ಸಂಗತಿ ಬೇರೆ. ಟಾನ್‌ಗೆ ಬೇರೆಯವರು ಹೇಳಿದ್ದು ಬಹುಪಾಲು ಅರ್ಥವಾಗುತ್ತಿತ್ತು. ತಾನು ಹೇಳಿದ್ದು ಯಾರಿಗೂ ತಿಳಿಯದೆ ರೇಗಿದಾಗ ಮಾತ್ರ ಒಂದು ಬೈಗುಳ ಸ್ಪಷ್ಟವಾಗಿ ಬಾಯಿಂದ ಬೀಳುತ್ತಿತ್ತು. ನಮ್ಮಪ್ಪನಿಗೆ ಆ ಭಾಗ್ಯವೂ ಇಲ್ಲ. ಬೈಯಬೇಕಾದರೂ ಆಯ್ತು.

ಹಬ್ಬದ ದಿನ ಆಸ್ಪತ್ರೆ ಖಾಲಿ ಇರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹೋಗಬಹುದಾದವರೆಲ್ಲ ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗಿದ್ದರು, ನಿಜ. ಆದರೆ ಎಮರ್ಜೆನ್ಸಿ ಬಾಗಿಲು ಮಾತ್ರ ಮುಚ್ಚಿದ್ದನ್ನು ನೋಡಲಿಲ್ಲ. ಆಮೇಲೆ ಓದಿ ತಿಳಿಯಿತು. ಸ್ವೀಡನ್ನಿನಲ್ಲಿ 1998ರಿಂದ 2013ರವರೆಗಿನ 2.8 ಲಕ್ಷಕ್ಕೂ ಹೆಚ್ಚು ಹೃದಯಾಘಾತಗಳ ದಾಖಲೆ ತೆಗೆದು ನೋಡಿದ್ದಾರೆ. ಕ್ರಿಸ್‌ಮಸ್‌ನ ಹಿಂದಿನ ದಿನ ಹೃದಯಾಘಾತದ ಸಾಧ್ಯತೆ ಬೇರೆ ದಿನಗಳಿಗಿಂತ ಶೇಕಡ 37ರಷ್ಟು ಜಾಸ್ತಿ ಇತ್ತಂತೆ. ಅದೂ ರಾತ್ರಿ ಹತ್ತರ ಸುಮಾರಿಗೆ, ಎಲ್ಲ ಕೆಲಸ ಮುಗಿಸಿ ಉಸ್ಸಪ್ಪಾ ಅನ್ನುವ ಹೊತ್ತಿಗೆ. ಯಾಕೆ ಅಂತ ಖಚಿತವಾಗಿ ಹೇಳುವುದು ಕಷ್ಟ, ಆದರೆ ಸಿಟ್ಟು, ಆತಂಕ, ದುಃಖ, ಓಡಾಟ, ಅತಿಯಾದ ಊಟ ಇವೆಲ್ಲ ಸೇರಿರಬಹುದು ಅನ್ನುತ್ತಾರೆ ಅಧ್ಯಯನ ಮಾಡಿದವರು. ಹಬ್ಬ ಅನ್ನುವುದು ಎಲ್ಲರ ಎದೆಗೂ ಹಗುರ ಏನಲ್ಲ.

ಆ ರಾತ್ರಿ ನನಗೆ ನೆನಪಿರುವುದು ಇಷ್ಟು. ಎದುರು ಕಟ್ಟಡದ ಕಿಟಕಿಗಳಲ್ಲೆಲ್ಲ ಬೆಳಕು. ಜನರ ನಗು ಇಲ್ಲಿವರೆಗೂ ಕೇಳುತ್ತಿತ್ತು. ವಾರ್ಡಿನಲ್ಲಿ ಮಾನಿಟರಿನ ಸದ್ದು. ರಾತ್ರಿ ಪಾಳಿಯ ಆಯಾ ಎರಡು ಗಂಟೆಗೊಮ್ಮೆ ಬಂದು ಅಪ್ಪನನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು. ಒಂದೇ ಕಡೆ ಮಲಗಿದ್ದರೆ ಬೆನ್ನು ಹುಣ್ಣಾಗುತ್ತದೆ, ಅದಕ್ಕೆ. ಹನ್ನೆರಡಕ್ಕೆ ಬಂದರು, ಎರಡಕ್ಕೆ ಬಂದರು, ನಾಲ್ಕಕ್ಕೆ ಬಂದರು. ಒಂದು ಸಣ್ಣ ಟವೆಲನ್ನು ಬಿಗಿಯಾಗಿ ಸುರುಳಿ ಸುತ್ತಿ ಅಪ್ಪನ ಬಲ ಅಂಗೈಯೊಳಗೆ ಇಟ್ಟರು. 'ಮುಷ್ಟಿ ಕಟ್ಟಿಕೊಂಡುಬಿಟ್ರೆ ಆಮೇಲೆ ಬಿಡಿಸೋದು ಕಷ್ಟ ಕಣಪ್ಪ' ಅಂದರು. ನಾನು ಹೂಂ ಅಂದೆ. ಎದ್ದು ಒಂದು ಕೈ ಕೊಡಬಹುದಿತ್ತು, ಕೊಡಲಿಲ್ಲ. ಹಬ್ಬದ ರಾತ್ರಿ ಇವರ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಲಿಲ್ಲ. ಹೆಸರನ್ನೂ ಕೇಳಲಿಲ್ಲ. ಲೋಕದಲ್ಲಿ ಕಷ್ಟ ಅಂತ ಇದ್ದರೆ ಅದು ನನ್ನೊಬ್ಬನದೇ ಅನ್ನುವ ಹಾಗೆ ಕೂತಿದ್ದೆ.

ಇನ್ನು ಅತ್ತಿಗೆ. ದಿನಾ ಮಧ್ಯಾಹ್ನ ಒಂದು ಚೀಲ ಹಿಡಿದುಕೊಂಡು ಬರುತ್ತಿದ್ದರು. ಒಗೆದ ಟವೆಲು, ಹೊದಿಕೆ, ನನಗೆ ಊಟದ ಡಬ್ಬಿ. ಬಂದ ತಕ್ಷಣ ಶುರು. 'ಈ ಲಿಫ್ಟಿಗೆ ಏನು ಬಂದಿದೆಯೋ, ನಾಲ್ಕು ಮಹಡಿ ಹತ್ತಿ ಬಂದೆ.' 'ನಿನ್ನೆ ಡಬ್ಬಿ ತೊಳೆಯದೆ ಕಳಿಸಿದ್ದೀಯಲ್ಲ.' 'ಈ ಬೆಡ್‌ಶೀಟು ನೋಡೋ ಹಾಗಿದೆಯಾ?' ನಮ್ಮಿಬ್ಬರ ನಡುವೆ ಹಳೆಯದೊಂದು ಮುನಿಸು ಇತ್ತು. ಕಾರಣ ಹೇಳಿದರೆ ನೀವು ನಗುತ್ತೀರಿ, ಬಿಡಿ. ಅವರು ಬಂದರೆ ನಾನು ಕಿಟಕಿ ಕಡೆ ತಿರುಗಿ ಕೂರುತ್ತಿದ್ದೆ. ಮೂರನೇ ದಿನ ಒಂದು ವಿಚಿತ್ರ ಪ್ರಶ್ನೆ ಕೇಳಿದರು. 'ಮಾವನ ಎಡಗೈ ಚೆನ್ನಾಗಿ ಆಡ್ತಿದೆ ತಾನೇ? ಹೆಬ್ಬೆರಳು, ತೋರುಬೆರಳು ಸೇರಿಸಿ ಹಿಡೀತಾರಾ?' ನನಗೆ ಮೈಯೆಲ್ಲ ಉರಿಯಿತು. ಇಲ್ಲಿ ಬಲಗೈಯೇ ಹೋಗಿದೆ, ಇವರು ಎಡಗೈ ವಿಚಾರಿಸುತ್ತಿದ್ದಾರೆ! 'ಡಾಕ್ಟರನ್ನೇ ಕೇಳಿ' ಅಂದೆ. ಅವರು ಡಾಕ್ಟರನ್ನು ಕೇಳಲಿಲ್ಲ. ಮಂಚದ ಪಕ್ಕ ಹೋಗಿ ತಮ್ಮ ಸೀರೆ ಸೆರಗಿನ ತುದಿಯನ್ನು ಅಪ್ಪನ ಎಡಗೈಗೆ ಕೊಟ್ಟು, 'ಹಿಡ್ಕೊಳ್ಳಿ ನೋಡೋಣ' ಅಂದರು. ಅಪ್ಪ ಹಿಡಿದರು. 'ಆಯ್ತು' ಅಂದರು. ಅತ್ತಿಗೆ ತಲೆಯಾಡಿಸಿ ಹೊರಟುಹೋದರು.

ಹಬ್ಬದ ದಿನ ಬಂದಾಗ ಅವರ ಕಣ್ಣು ಕೆಂಪಗೆ ಊದಿಕೊಂಡಿತ್ತು. ಅಣ್ಣನ ಜೊತೆ ಜಗಳ ಆಗಿರಬೇಕು ಅಂದುಕೊಂಡೆ. ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತು. ಮುಚ್ಚಿಟ್ಟು ಏನು ಪ್ರಯೋಜನ, ಅಲ್ವಾ?

ಐದು ಸಂಗತಿ ಬರೆಯಿರಿ

ಆಸ್ಪತ್ರೆಯಿಂದ ಅಪ್ಪನನ್ನು ಅಣ್ಣನ ಮನೆಗೆ ಕರೆದುಕೊಂಡು ಹೋದೆವು. ಅಮ್ಮ ಹೋಗಿ ಎಂಟು ವರ್ಷವಾಗಿತ್ತು, ನಾನು ಒಂಟಿ, ಬೇರೆ ದಾರಿ ಇರಲಿಲ್ಲ. ನಾನು ವಾರದ ಕೊನೆಗೆ ಹೋಗಿ ಬರುತ್ತಿದ್ದೆ. ಮುಖ ಗಂಟು ಹಾಕಿಕೊಂಡೇ ಓಡಾಡುತ್ತಿದ್ದ ನನ್ನನ್ನು ನೋಡಿ ಗೆಳೆಯನೊಬ್ಬ ಒಂದು ನೋಟ್‌ಬುಕ್ ಕೊಟ್ಟ. ದಿನಾ ಮಲಗುವ ಮುಂಚೆ ಐದು ಸಂಗತಿ ಬರಿ, ಯಾವುದಕ್ಕೆ ಕೃತಜ್ಞ ಅಂತ. ವಿಜ್ಞಾನ ಹೇಳುತ್ತೆ ಅಂದ.

ವಿಜ್ಞಾನ ಹೇಳುವುದು ಸುಳ್ಳೇನಲ್ಲ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆಲ್ಲ ಮೂಲ. ಒಂದು ಗುಂಪಿಗೆ ಕೃತಜ್ಞತೆ ಹುಟ್ಟಿಸಿದ ಸಂಗತಿಗಳನ್ನು ಬರೆಯಲು ಹೇಳಿದರು, ಇನ್ನೊಂದಕ್ಕೆ ಕಿರಿಕಿರಿಗಳನ್ನು, ಮೂರನೆಯದಕ್ಕೆ ಸುಮ್ನೆ ನಡೆದದ್ದನ್ನು. ಮೊದಲ ಗುಂಪಿನವರಿಗೆ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಕಂಡಿತು. ಸ್ನಾಯು ಮತ್ತು ನರದ ಕಾಯಿಲೆ ಇರುವವರ ಜೊತೆಗೂ 21 ದಿನ ಇದನ್ನು ಮಾಡಿಸಿ ನೋಡಿದರು, ಅಲ್ಲೂ ಒಳ್ಳೆಯ ಫಲ ಸಿಕ್ಕಿತು. ಗೆಳೆಯನಿಗೆ ಗೊತ್ತಿಲ್ಲದ ಇನ್ನೂ ಎರಡು ಸಂಗತಿ ನನಗೆ ಆಮೇಲೆ ಗೊತ್ತಾದವು. ಒಂದು, ಸೋನ್ಯಾ ಲ್ಯೂಬೊಮಿರ್ಸ್ಕಿ ಮತ್ತು ಜೊತೆಗಾರರು 2005ರಲ್ಲಿ ಹೇಳಿದ್ದು: ಆರು ವಾರ, ವಾರಕ್ಕೊಮ್ಮೆ ಬರೆದವರಿಗೆ ಉಪಯೋಗವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಇನ್ನೊಂದು, 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2020ರಲ್ಲಿ ಬಂದ ವಿಮರ್ಶೆ: ಖಿನ್ನತೆ, ಆತಂಕ ಇರುವವರಿಗೆ ಈ ಅಭ್ಯಾಸದಿಂದ ಆಗುವ ಲಾಭ ಅಲ್ಪ, ಅದನ್ನೇ ಚಿಕಿತ್ಸೆ ಅಂತ ನಂಬಿ ಕೂರಬೇಡಿ. ಇದನ್ನು ಮೊದಲೇ ಓದಿದ್ದರೆ ನನ್ನ ಮೇಲೆ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಯಾಕೆಂದರೆ ನನ್ನ ನೋಟ್‌ಬುಕ್ ಹೀಗಿತ್ತು. ಮೊದಲ ದಿನ: ಅಪ್ಪ ಬದುಕಿದ್ದಾರೆ. ನನಗೆ ಕೆಲಸ ಇದೆ. ತಲೆ ಮೇಲೆ ಸೂರಿದೆ. ಕೈಕಾಲು ಗಟ್ಟಿ ಇದೆ. ಇನ್ನೂ ಕೆಟ್ಟದಾಗಬಹುದಿತ್ತು. ಎರಡನೇ ದಿನವೂ ಅವೇ, ಸ್ವಲ್ಪ ಹಿಂದೆ ಮುಂದೆ. ಐದನೇ ದಿನ 'ಮೇಲಿನಂತೆ' ಅಂತ ಬರೆದೆ. ಆರನೇ ದಿನದಿಂದ ಅದರಲ್ಲಿ ಮಾತ್ರೆಗಳ ಲೆಕ್ಕ ಬರೆಯಲು ಶುರು ಮಾಡಿದೆ. ಆ ಉಪಯೋಗಕ್ಕೆ ನೋಟ್‌ಬುಕ್ ಬಹಳ ಚೆನ್ನಾಗಿ ಬಂತು.

ಆ ಐದನೆಯ ಸಾಲು ಇದೆಯಲ್ಲ, 'ಇನ್ನೂ ಕೆಟ್ಟದಾಗಬಹುದಿತ್ತು', ಅದರ ಬಗ್ಗೆ ಒಂದು ಮಾತು. ಬೇರೆಯವರ ಕಷ್ಟದ ಪಕ್ಕ ನಮ್ಮದನ್ನು ಇಟ್ಟು ಅಳೆದು, ನಮ್ಮದು ಒಂದು ಗೇಣು ಕಡಿಮೆ ಇದೆ ಅಂತ ಸಂತೋಷಪಡುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಆಸ್ಪತ್ರೆಗೆ ನೋಡಲು ಬಂದ ನೆಂಟರೊಬ್ಬರು ಮೆಲ್ಲಗೆ ನನ್ನ ಕಿವಿಯಲ್ಲಿ, 'ಪಕ್ಕದ ಬೆಡ್ಡಿನವರನ್ನು ನೋಡು, ಎಚ್ಚರವೇ ಇಲ್ಲ. ನಾವೇ ಪುಣ್ಯವಂತರು' ಅಂದರು. ಅದೇ ಸಂಜೆ ಪಕ್ಕದ ಬೆಡ್ಡಿಗೆ ಬಂದವರೊಬ್ಬರು ನಮ್ಮ ಕಡೆ ಕಣ್ಣು ತೋರಿಸಿ, 'ಅವರನ್ನು ನೋಡಿ, ಮಾತೇ ಹೋಗಿದೆಯಂತೆ. ನಮ್ಮವರಿಗೆ ಎಚ್ಚರ ಬಂದರೆ ಮಾತಾದರೂ ಆಡ್ತಾರೆ' ಅಂತ ಸಮಾಧಾನ ಹೇಳುತ್ತಿದ್ದರು. ನನಗೆ ಆ ವಾರದಲ್ಲಿ ನಗು ಬಂದದ್ದು ಅದೊಂದೇ ಸಲ.

ಅಂಗಿ

ಏಳು ತಿಂಗಳಾಗಿತ್ತು. ಅಪ್ಪನನ್ನು ಡಾಕ್ಟರ ಹತ್ತಿರ ತೋರಿಸಿಕೊಂಡು ಬರಬೇಕಿತ್ತು. ಅಷ್ಟು ದಿನ ಮನೆಯಲ್ಲಿ ದೊಗಳೆ ಟೀ ಶರ್ಟಿನಲ್ಲೇ ಕಳೆದಿದ್ದರು. ಅವತ್ತು ಬೆಳಗ್ಗೆ ಕಪಾಟಿನ ಕಡೆ ಎಡಗೈ ತೋರಿಸಿ ಆಯ್ತು, ಆಯ್ತು ಅಂದರು. ಅಂಗಿ ಬೇಕಿತ್ತು. ತಿಳಿ ನೀಲಿ ಗೆರೆಯದು, ಅವರಿಗೆ ಇಷ್ಟದ್ದು. ಮುದುಡಿತ್ತು. ಇಸ್ತ್ರಿ ಮಾಡಲು ಮೇಜಿನ ಮೇಲೆ ಹರಡಿದೆ. ಗುಂಡಿ ಬಿಚ್ಚಲು ಹೋದೆ. ಗುಂಡಿ ಬಿಚ್ಚಿಕೊಳ್ಳಲಿಲ್ಲ. ಅದರ ಬದಲು ಟಕ್ ಅಂತ ಇಡೀ ಪಟ್ಟಿಯೇ ತೆರೆದುಕೊಂಡಿತು.

ಬಗ್ಗಿ ನೋಡಿದೆ. ಗುಂಡಿಗಳನ್ನು ಅವುಗಳ ಜಾಗದಿಂದ ಕಿತ್ತು, ಮೇಲಿನ ಪಟ್ಟಿಯ ಕಾಜಗಳ ಮೇಲೇ ಹೊಲಿಯಲಾಗಿತ್ತು. ಅವು ಈಗ ಬರೀ ನೋಟಕ್ಕೆ. ಒಳಗಡೆ, ಒಂದೊಂದು ಗುಂಡಿಯ ಬೆನ್ನಿಗೂ ಒಂದೊಂದು ದೊಡ್ಡ ಪ್ರೆಸ್ ಬಟನ್. ಉಬ್ಬಿದ ತುಂಡು ಮೇಲಿನ ಪಟ್ಟಿಗೆ, ತಗ್ಗಿನ ತುಂಡು ಕೆಳಗಿನ ಪಟ್ಟಿಗೆ. ಹಾಕಿಕೊಂಡವರನ್ನು ಹೊರಗಿನಿಂದ ನೋಡಿದರೆ ಮಾಮೂಲಿ ಅಂಗಿ. ಹಾಕಿಕೊಳ್ಳುವವರು ಎಡಗೈಯ ಎರಡು ಬೆರಳಲ್ಲಿ ಒತ್ತಿದರೆ ಸಾಕು. ಎಡಗೈಯ ಎರಡು ಬೆರಳು! ನನಗೆ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಾಯಿತು, ಸೆರಗಿನ ತುದಿ ನೆನಪಾಯಿತು. ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಇತ್ತು, ಸದ್ಯ ಅಂಗಿ ಸುಡಲಿಲ್ಲ.

ಕಪಾಟು ತೆಗೆದು ನೋಡಿದೆ. ಹನ್ನೊಂದು ಅಂಗಿ. ಹನ್ನೊಂದಕ್ಕೂ ಹಾಗೇ ಮಾಡಿತ್ತು. ಅಂಗಿಗೆ ಏಳು ಗುಂಡಿ ಅಂದರೆ ಎಪ್ಪತ್ತೇಳು. ಒಂದೊಂದು ಪ್ರೆಸ್ ಬಟನ್ನಿಗೂ ಎರಡು ತುಂಡು, ಒಂದೊಂದು ತುಂಡಿಗೂ ನಾಲ್ಕು ತೂತು. ತೂತಿಗೆ ಎರಡು ಸಲವಾದರೂ ದಾರ ಹಾಯಿಸಬೇಕು. ನಾನು ಲೆಕ್ಕದವನು, ನನ್ನ ತಲೆ ಹಾಗೇ ಓಡುವುದು. ಸಾವಿರದ ಇನ್ನೂರಕ್ಕೂ ಜಾಸ್ತಿ ಸಲ ಸೂಜಿ ಒಳಗೆ ಹೋಗಿ ಹೊರಗೆ ಬಂದಿದೆ. ಅದಲ್ಲದೆ ಕಿತ್ತ ಗುಂಡಿಗಳನ್ನು ಮತ್ತೆ ಹೊಲಿದದ್ದು ಬೇರೆ. ನೀಲಿ ಅಂಗಿಗೆ ನೀಲಿ ದಾರ, ಬಿಳಿಗೆ ಬಿಳಿ. ಒಂದು ಅಂಗಿಯ ಕೊನೆಯ ಗುಂಡಿಯಲ್ಲಿ ಮಾತ್ರ ದಾರ ಬೇರೆ ಬಣ್ಣದ್ದು. ಬಹುಶಃ ಮುಗಿದುಹೋಗಿತ್ತು.

ಅಡುಗೆಮನೆ ಬಾಗಿಲಿಗೆ ಹೋಗಿ ನಿಂತೆ. ಅಂಗಿ ಕೈಯಲ್ಲಿತ್ತು. 'ಅತ್ತಿಗೆ, ಇದು ಯಾವಾಗ ಮಾಡಿದ್ರಿ?'

'ಯಾವುದು? ಅದಾ? ಆಗಲೇ, ಹಬ್ಬದ ಹಿಂದಿನ ರಾತ್ರಿ ಶುರು ಮಾಡಿದ್ದು. ನಿದ್ದೆ ಬರ್ತಿರಲಿಲ್ಲ. ಹಬ್ಬಕ್ಕೆ ಅಂತ ಏನೂ ಮಾಡೋ ಹಾಗಿರಲಿಲ್ಲವಲ್ಲ, ಕೈಗೆ ಏನಾದ್ರೂ ಕೆಲಸ ಬೇಕಿತ್ತು.'

'ವೆಲ್ಕ್ರೋ ಹಚ್ಚಿದ್ರೆ ಸುಲಭ ಇತ್ತಲ್ಲ' ಅಂದೆ. ಹೇಳಬೇಕಾದ್ದು ಅದಲ್ಲ ಅಂತ ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು.

ಅವರು ತಿರುಗಿ ನನ್ನನ್ನೇ ನೋಡಿದರು. 'ಚರ್ರ್ ಅಂತ ಸದ್ದು ಬರುತ್ತೆ ಕಣೋ ಅದು. ನಾಲ್ಕು ಜನರ ಮುಂದೆ ಮಾವನಿಗೆ ನಾಚಿಕೆ ಆಗಲ್ವಾ?'

ತಿಳಿಯುವ ಕೆಲಸ

ಕೃತಜ್ಞ ಅನ್ನುವ ಪದವನ್ನು ಬಿಡಿಸಿ ನೋಡಿದ್ದೀರಾ? ಕೃತ ಅಂದರೆ ಮಾಡಿದ್ದು. ಜ್ಞ ಅಂದರೆ ತಿಳಿದವನು. ಮಾಡಿದ್ದನ್ನು ತಿಳಿದವನು ಕೃತಜ್ಞ, ಅಷ್ಟೇ. ಪದದೊಳಗೆ ಖುಷಿ ಇಲ್ಲ, ನಗು ಇಲ್ಲ, ಎದೆ ತುಂಬಿ ಬರಬೇಕು ಅನ್ನುವ ಷರತ್ತೂ ಇಲ್ಲ. ಒಂದಕ್ಷರ ಬದಲಿಸಿದರೆ ಕೃತಘ್ನ. ಘ್ನ ಅಂದರೆ ಕೊಲ್ಲುವವನು. ನಾನು ಏಳು ತಿಂಗಳು ಯಾರನ್ನೂ ಕೊಂದಿರಲಿಲ್ಲ, ಆದರೆ ತಿಳಿದೂ ಇರಲಿಲ್ಲ. ಅವೆರಡರ ನಡುವೆ ಎಲ್ಲೋ ಇದ್ದೆ. ನಮ್ಮಲ್ಲಿ ಹೆಚ್ಚಿನವರು ಅಲ್ಲೇ ಇರುತ್ತೇವೆ ಅಂತ ನನ್ನ ಅನುಮಾನ.

ಶಾಲೆಯಿಂದ ಓದಿಕೊಂಡು ಬಂದ ಪದವೇ ಇದು. ಆದರೂ ನೋಟ್‌ಬುಕ್ ಹಿಡಿದು ಕೂತಾಗ ನಾನು ಹುಡುಕುತ್ತಿದ್ದದ್ದು ಒಂದು ಭಾವನೆಯನ್ನು. ನನ್ನೊಳಗೆ ಹುಡುಕುತ್ತಿದ್ದೆ. ಒಳಗೆ ಅದು ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಅಲ್ಲಿದ್ದದ್ದು ಭಯ, ಸಾಲದ ಯೋಚನೆ, ನಿದ್ದೆಗೇಡು. ಹುಡುಕಬೇಕಾದ ಜಾಗ ಬೇರೆ ಇತ್ತು. ಯಾರು ಏನು ಮಾಡಿದರು ಅಂತ ಹೊರಗೆ ನೋಡಬೇಕಿತ್ತು, ಪೊಲೀಸರು ಮಹಜರು ಬರೆದ ಹಾಗೆ. ಅವತ್ತು ಗಾಡಿ ಓಡಿಸಿದವರು ಯಾರು? ನನ್ನ ಮನೆಗೆ ಹಾಲು, ಪೇಪರು ಬೇಡ ಅಂತ ಹೇಳಿದವರು ಯಾರು? ನಾನು ಹೇಳಿರಲಿಲ್ಲ. ಹದಿನೈದು ದಿನ ಬಿಟ್ಟು ಮನೆಗೆ ಹೋದರೆ ಬಾಗಿಲ ಮುಂದೆ ಒಂದು ಪೇಪರೂ ಬಿದ್ದಿರಲಿಲ್ಲ, ಗಿಡಗಳು ಒಣಗಿರಲಿಲ್ಲ. ಅದನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋಗಿದ್ದೆ. ಕಷ್ಟದಲ್ಲಿರುವವರಿಗೆ ಕಣ್ಣು ಸ್ವಲ್ಪ ಮಂಜಾಗಿರುತ್ತದೆ, ಅದಕ್ಕೆ ಅವರನ್ನು ಬೈಯಬಾರದು. ಆದರೆ ಮಂಜು ತಿಳಿಯಾದ ಮೇಲಾದರೂ ಹಿಂದೆ ತಿರುಗಿ ನೋಡಬಹುದಲ್ಲ.

(ನೆನೆ ಅನ್ನುವ ನಮ್ಮ ಪದಕ್ಕೆ ಎರಡು ಅರ್ಥ. ಮಳೆಯಲ್ಲಿ ನೆನೆಯುತ್ತೇವೆ, ಮಾಡಿದವರನ್ನೂ ನೆನೆಯುತ್ತೇವೆ. ಎರಡಕ್ಕೂ ನಂಟಿದೆಯೋ ಇಲ್ಲವೋ, ನನಗಂತೂ ಆ ಅಂಗಿ ಹಿಡಿದು ನಿಂತಾಗ ಎರಡೂ ಒಟ್ಟಿಗೇ ಆದವು.)

ಈಗ ತಿಳಿದದ್ದಾಯಿತು, ಹೇಳುವುದು ಹೇಗೆ? ಮನೆಯವರಿಗೆ ನಾವು ಥ್ಯಾಂಕ್ಸ್ ಹೇಳುವವರಲ್ಲ. ಹೇಳಿದರೆ ಹೊರಗಿನವರನ್ನು ಮಾಡಿದ ಹಾಗಾಗುತ್ತದೆ. ಧನ್ಯವಾದ ಅಂತೂ ಭಾಷಣದ ಕೊನೆಗೆ ಹೇಳುವ ಮಾತು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೇ ಅಳುಕಿನ ಬಗ್ಗೆ. ಉಪಕಾರ ಮಾಡಿದವರಿಗೆ ಪತ್ರ ಬರೆಯಲು ಜನರಿಗೆ ಹೇಳಿದರು. ಓದುವವರಿಗೆ ಎಷ್ಟು ಖುಷಿಯಾಗಬಹುದು, ಎಷ್ಟು ಮುಜುಗರವಾಗಬಹುದು ಅಂತ ಬರೆದವರನ್ನು ಮೊದಲೇ ಊಹಿಸಲು ಹೇಳಿದರು. ಆಮೇಲೆ ಪತ್ರ ಪಡೆದವರನ್ನೇ ಕೇಳಿದರು. ಊಹಿಸಿದ್ದಕ್ಕಿಂತ ಖುಷಿ ಜಾಸ್ತಿ, ಮುಜುಗರ ಕಡಿಮೆ. ಬರೆಯುವವರು ಪದ ಸರಿಯಾಗಿ ಬಂತಾ ಅಂತ ಒದ್ದಾಡುತ್ತಾರೆ, ಓದುವವರು ಅದರೊಳಗಿನ ಪ್ರೀತಿ ನೋಡುತ್ತಾರೆ.

ಓದಿ ಧೈರ್ಯ ಬಂತು. ಒಂದು ಭಾನುವಾರ ಅತ್ತಿಗೆಯ ಮುಂದೆ ನಿಂತು, 'ಆ ಅಂಗಿಗಳ ವಿಷಯ ಹೇಳಬೇಕಿತ್ತು. ನೀವು ಅವತ್ತು ಮಾಡಿದ್ದು...' ಅಂತ ಶುರು ಮಾಡಿದೆ. ಅವರು ಮಧ್ಯದಲ್ಲೇ, 'ಯಾಕೆ, ಗುಂಡಿ ಬಿದ್ದುಹೋಯ್ತಾ?' ಅಂದರು. ಇಲ್ಲ ಅಂದೆ. 'ಮತ್ತೇನು?' ಅಂದರು. ಏನಿಲ್ಲ ಅಂದೆ. ಅಧ್ಯಯನದಲ್ಲಿ ಪತ್ರವನ್ನು ಯಾಕೆ ಆರಿಸಿಕೊಂಡಿರಬೇಕು ಅಂತ ಆಗ ಹೊಳೆಯಿತು. ಪತ್ರ ಮಧ್ಯದಲ್ಲಿ ಬಾಯಿ ಹಾಕುವುದಿಲ್ಲ. ಆದರೂ ಅವತ್ತು ನಾನು ಹೊರಡುವಾಗ ಡಬ್ಬಿ ತೊಳೆದು ಒರೆಸಿ ಇಟ್ಟಿದ್ದೆ. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, 'ಪರವಾಗಿಲ್ಲ' ಅಂದರು. ಆ ಮನೆಯಲ್ಲಿ ಅದು ದೊಡ್ಡ ಮಾತು.

ಆಯಾ ವಿಷಯದಲ್ಲಿ ಇಷ್ಟೂ ಆಗಲಿಲ್ಲ. ಅದೇ ವಾರ ಆಸ್ಪತ್ರೆಗೆ ಹೋಗಿ ನಾಲ್ಕನೇ ಮಹಡಿಯಲ್ಲಿ ವಿಚಾರಿಸಿದೆ. ಹೆಸರು ಗೊತ್ತಿಲ್ಲ, ಎತ್ತರಕ್ಕಿದ್ದರು, ರಾತ್ರಿ ಪಾಳಿ, ಟವೆಲು ಸುತ್ತಿ ಇಟ್ಟಿದ್ದರು ಅಂತೆಲ್ಲ ಹೇಳಿದೆ. ಅಲ್ಲಿದ್ದ ಹುಡುಗಿ ಪಾಪ, ಇಬ್ಬರು ಮೂವರನ್ನು ಕೇಳಿ ಬಂದಳು. ಹಾಗಿದ್ದವರು ಕೆಲಸ ಬಿಟ್ಟಿದ್ದಾರೆ, ಎಲ್ಲಿದ್ದಾರೋ ಗೊತ್ತಿಲ್ಲ ಅಂದಳು. ಅಪ್ಪನ ಬಲಗೈ ಪೂರ್ತಿ ಬಂದಿಲ್ಲ, ಆದರೆ ಮುಷ್ಟಿ ಬಿಗಿದುಕೊಂಡಿಲ್ಲ. ಬೆರಳುಗಳು ಇವತ್ತಿಗೂ ಬಿಡಿಬಿಡಿಯಾಗಿ ಆಡುತ್ತವೆ. ಅದಕ್ಕೆ ಆಮೇಲಿನ ಫಿಸಿಯೋಥೆರಪಿ ಎಷ್ಟು ಕಾರಣ, ಆ ಟವೆಲು ಎಷ್ಟು ಕಾರಣ, ಹೇಳುವವರಿಲ್ಲ. ನಾನು ಟವೆಲಿಗೆ ಒಂದು ಪಾಲು ಕೊಟ್ಟಿಟ್ಟಿದ್ದೇನೆ.

ಅಣ್ಣನ ವಿಷಯವೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎಲ್ಲ ಸರಿಹೋಯಿತು ಅಂತ ನೀವು ಅಂದುಕೊಳ್ಳುತ್ತೀರಿ. ಅವನು ಆ ವಾರ ಪೂರ್ತಿ ಕೆಳಗಿನ ಮಹಡಿಯಲ್ಲೇ ಕೂತಿದ್ದ. ವಾರ್ಡಿನೊಳಗೆ ಬಂದದ್ದು ಎರಡೇ ಸಲ. ಆ ಸಿಟ್ಟು ನನಗೆ ಇನ್ನೂ ಇದೆ. ಅವನು ಹೊಲಿದ ಅಂಗಿಯೂ ಎಲ್ಲೋ ಇರಬಹುದು, ನನ್ನ ಕಣ್ಣಿಗೆ ಬಿದ್ದಿಲ್ಲ.

ಇದ್ದೂ ಇಲ್ಲದವರು

ಮುಂದಿನ ವರ್ಷದ ಹಬ್ಬ ಇನ್ನೊಂದು ಥರ ಕಷ್ಟ ಕೊಟ್ಟಿತು. ಮೊದಲ ವರ್ಷ ಗಾಬರಿಯಲ್ಲಿ ಕಳೆದುಹೋಗಿತ್ತು. ಎರಡನೇ ವರ್ಷ ಎಲ್ಲರೂ ಮನೆಯಲ್ಲೇ ಇದ್ದೆವು, ಅಪ್ಪನೂ ಅವರ ಕುರ್ಚಿಯಲ್ಲಿ ಇದ್ದರು. ಆದರೆ ಹಬ್ಬದ ದಿನ ಮಾತಾಡಿ ಮಾತಾಡಿ ಎಲ್ಲರ ತಲೆ ತಿನ್ನುತ್ತಿದ್ದ, ಹಳೆ ಕಥೆಯನ್ನೇ ನೂರನೇ ಸಲ ಹೇಳಿ ತಾವೇ ಮೊದಲು ನಗುತ್ತಿದ್ದ ಆ ಮನುಷ್ಯ ಇರಲಿಲ್ಲ. ಯಾರೋ ತಪ್ಪಿ ಆ ಕಥೆ ಎತ್ತಿದರು. ಅರ್ಧಕ್ಕೆ ನಿಲ್ಲಿಸಿದರು. ಎಲ್ಲರೂ ತಟ್ಟೆ ನೋಡಿಕೊಂಡೆವು. ಎದುರಿಗೇ ಕೂತವರಿಗಾಗಿ ದುಃಖಪಡುವುದು ಹೇಗೆ? ಅದು ಅವರಿಗೆ ಅವಮಾನ ಮಾಡಿದ ಹಾಗಲ್ವಾ?

ಪಾಲಿನ್ ಬಾಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಇಂಥದ್ದಕ್ಕೆ ಒಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಹೇಳಬೇಕು ಅಂದರೆ ಅಸ್ಪಷ್ಟ ನಷ್ಟ. 1970ರ ದಶಕದಲ್ಲಿ ಅವರು ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳ ಜೊತೆ ಕೆಲಸ ಮಾಡಿದವರು. ಸತ್ತರೋ ಬದುಕಿದ್ದಾರೋ ಗೊತ್ತಿಲ್ಲ, ಅಳಲೂ ಆಗದು, ಬಿಡಲೂ ಆಗದು. ಇದರ ಇನ್ನೊಂದು ಬಗೆ ಎಂದರೆ ಮನುಷ್ಯರು ಕಣ್ಣೆದುರೇ ಇದ್ದೂ, ಮೊದಲಿನವರಾಗಿ ಇರುವುದಿಲ್ಲ. ಹೆಸರು ಗೊತ್ತಾದ ಮಾತ್ರಕ್ಕೆ ನೋವು ಹೋಗುವುದಿಲ್ಲ. ಆದರೆ ಇಂಥದ್ದು ಇದೆ, ಇದು ನನ್ನ ತಲೆಕೆಟ್ಟ ಕಲ್ಪನೆಯೇನಲ್ಲ ಅನ್ನುವುದು ಗೊತ್ತಾದರೆ ಒಂದು ಲೋಟ ನೀರು ಕುಡಿದಷ್ಟು ಹಿತ. ಯೂಟ್ರೆಕ್ಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ ಮಾತೂ ನನಗೆ ಒಪ್ಪಿಗೆಯಾಯಿತು. ಸಾವಿನ ದುಃಖದ ಬಗ್ಗೆ ಹೇಳಿದ್ದು ಅದು, ನಮಗೂ ಹೊಂದುತ್ತದೆ. ದುಃಖದಲ್ಲಿರುವವರು ಒಂದೇ ದಾರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರುವುದಿಲ್ಲ. ತೂಗುಯ್ಯಾಲೆ ಥರ ಹೋಗಿ ಬರುತ್ತಿರುತ್ತಾರೆ. ಒಮ್ಮೆ ಕಳೆದುಕೊಂಡದ್ದರ ಕಡೆ, ಒಮ್ಮೆ ದಿನದ ಕೆಲಸದ ಕಡೆ. ಎರಡೂ ಬೇಕು. ಹಬ್ಬದ ದಿನ ಆ ಉಯ್ಯಾಲೆ ಸ್ವಲ್ಪ ಜೋರಾಗಿ ತೂಗುತ್ತದೆ, ಅಷ್ಟೇ.

ನನ್ನ ಲೆಕ್ಕದಲ್ಲಿ ಕೃತಜ್ಞತೆಯೂ ದುಃಖವೂ ಜಗಳವಾಡುವುದಿಲ್ಲ. ಆ ಎರಡನೇ ವರ್ಷ ನಾನು ಒಂದೇ ಗಂಟೆಯಲ್ಲಿ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತಿದ್ದೇನೆ, ಹೊರಗೆ ಬಂದು ಅಪ್ಪನ ಅಂಗಿಯ ಗುಂಡಿ ನೋಡಿ ಬೆರಗಾಗಿದ್ದೇನೆ, ಅಣ್ಣನ ಮಾತಿಗೆ ರೇಗಿದ್ದೇನೆ. ಮೂರೂ ನಿಜ. ಒಂದು ಬಂತು ಅಂತ ಇನ್ನೊಂದು ಜಾಗ ಬಿಡಲಿಲ್ಲ.

ಈ ವರ್ಷ

ಈ ಸಲದ ಹಬ್ಬದ ಬೆಳಗ್ಗೆ ಅಪ್ಪ ಯಾರ ಸಹಾಯವೂ ಬೇಡ ಅಂತ ಕೈ ಆಡಿಸಿ, ಕನ್ನಡಿ ಮುಂದೆ ಕೂತರು. ನಾನು ಬಾಗಿಲ ಹತ್ತಿರ ನಿಂತೆ, ಒಳಗೆ ಹೋಗಲಿಲ್ಲ. ಬಲತೋಳನ್ನು ಮೊದಲು ತೂರಿಸಬೇಕು, ಅದನ್ನು ಫಿಸಿಯೋದವರು ಕಲಿಸಿದ್ದಾರೆ. ಎಡಗೈಯಿಂದ ಬಲಗೈಯನ್ನು ಎತ್ತಿ, ಮಗುವಿಗೆ ಹಾಕಿದ ಹಾಗೆ ತೋಳೊಳಗೆ ಬಿಟ್ಟರು. ಆಮೇಲೆ ಬೆನ್ನ ಹಿಂದಿನಿಂದ ಎಳೆದುಕೊಂಡು ಎಡತೋಳು. ಕಾಲರು ಒಳಗೆ ಮಡಚಿಕೊಂಡಿತ್ತು, ಅದನ್ನು ಸರಿಮಾಡಲು ಮೂರು ಸಲ ಪ್ರಯತ್ನಿಸಿದರು. ಆಮೇಲೆ ಕೆಳಗಿನಿಂದ ಶುರು. ಹೆಬ್ಬೆರಳು, ತೋರುಬೆರಳು ಸೇರಿಸಿ ಹುಡುಕಿ, ಒತ್ತಿ. ಟಕ್. ಸ್ವಲ್ಪ ಹೊತ್ತು. ಟಕ್. ಮೊಬೈಲಿನಲ್ಲಿ ಮೆಸೇಜು ಬರುತ್ತಲೇ ಇತ್ತು, ಸೈಲೆಂಟಿಗೆ ಹಾಕಿದೆ. ಟಕ್. ನಾಲ್ಕನೆಯದು ಕೂರಲಿಲ್ಲ, ಬಿಟ್ಟು ಮೇಲೆ ಹೋದರು, ಮತ್ತೆ ವಾಪಸು ಬಂದು ಒತ್ತಿದರು. ಹತ್ತು ನಿಮಿಷ ಆಗಿರಬೇಕು. ಕನ್ನಡಿಯಲ್ಲಿ ತಮ್ಮನ್ನು ತಾವೇ ಮೇಲಿನಿಂದ ಕೆಳಗೆ ನೋಡಿಕೊಂಡರು. ಕನ್ನಡಿಯಲ್ಲೇ ನನ್ನನ್ನೂ ನೋಡಿದರು.

'ಆಯ್ತು' ಅಂದರು.

ಅತ್ತಿಗೆ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದರು. ಅಂಗಿಯನ್ನು ನೋಡಿದರು, ಅಪ್ಪನ ಮುಖ ನೋಡಲಿಲ್ಲ. 'ಎಲ್ಲಿ ಆಯ್ತು? ಕತ್ತಿನ ಹತ್ತಿರದ್ದು ಬಿಟ್ಟಿದ್ದೀರಲ್ಲ ಮಾವ' ಅಂದವರು, ಹಾಕಲು ಕೈ ಮುಂದೆ ಮಾಡದೆ ಅಲ್ಲೇ ನಿಂತು ಕಾದರು.